ನರ್ಸಿಂಗ್ ವಿದ್ಯಾರ್ಥಿಗಳಿಗೆ ಹಾಸಿಗೆಯ ಪಕ್ಕದಲ್ಲಿ ಮಾನವೀಯತೆ ಕಲಿಸುವುದು ಹೇಗೆ? ಮಂಗಳೂರಿನ ಬೋಧಕರಿಗೊಂದು ಸಮಗ್ರ ಮಾರ್ಗದರ್ಶಿ

ಪ್ರತಿ ವರ್ಷ ಮೊದಲ ಪೋಸ್ಟಿಂಗ್ ಮುಗಿಯುವ ಹೊತ್ತಿಗೆ ಬೋಧಕರ ಕೋಣೆಯಲ್ಲಿ ಅದೇ ದೂರು. ‘ನೀತಿಸಂಹಿತೆಯ ಪಾಠ ಮುಗಿಸಿದ್ದೇವೆ, ದೀಪ ಹಿಡಿಸಿ ಪ್ರತಿಜ್ಞೆ ಹೇಳಿಸಿದ್ದೇವೆ, ಪರೀಕ್ಷೆಯಲ್ಲಿ ಎಲ್ಲರೂ ಚೆನ್ನಾಗಿಯೇ ಬರೆದಿದ್ದಾರೆ. ಆದರೂ ವಾರ್ಡಿಗೆ ಹೋದ ಎರಡನೇ ವಾರಕ್ಕೇ ಏಳನೇ ಬೆಡ್ಡಿನ ಹರ್ನಿಯಾ, ಹನ್ನೊಂದರ ಫ್ರ್ಯಾಕ್ಚರ್ ಎಂದು ಮಾತನಾಡಲು ಶುರು ಮಾಡುತ್ತಾರೆ.’ ಹೀಗೆ ಹೇಳುವವರಲ್ಲಿ ಒಳ್ಳೆಯ ಬೋಧಕರೂ ಇದ್ದಾರೆ. ಅವರು ಎಡವುವುದು ಕಲಿಸುವ ಕ್ರಮದಲ್ಲಿ. ದಯೆ, ಘನತೆ, ಸಹಾನುಭೂತಿ ಎಂಬ ನಾಮಪದಗಳನ್ನು ಬಾಯಿಪಾಠ ಮಾಡಿಸುತ್ತೇವೆ. ಕ್ರಿಯಾಪದಗಳನ್ನು ವಾರ್ಡಿನಲ್ಲಿ ಅವರೇ ಹುಡುಕಿಕೊಳ್ಳಲಿ ಎಂದು ಬಿಟ್ಟುಬಿಡುತ್ತೇವೆ.

ಈ ಮಾರ್ಗದರ್ಶಿ ಇರುವುದು ಮೊದಲ ಮತ್ತು ಎರಡನೇ ವರ್ಷದ ವಿದ್ಯಾರ್ಥಿಗಳನ್ನು ವಾರ್ಡಿಗೆ ಕರೆದೊಯ್ಯುವ ಬೋಧಕರಿಗೆ ಮತ್ತು ಅವರನ್ನು ಬರಮಾಡಿಕೊಳ್ಳುವ ಇನ್‌ಚಾರ್ಜ್ ಸಿಸ್ಟರುಗಳಿಗೆ. ಬಿ.ಎಸ್ಸಿ. ಪದವಿಯಾಗಲಿ, ಜಿ.ಎನ್.ಎಂ. ಡಿಪ್ಲೊಮಾ ಆಗಲಿ, ಕ್ರಮ ಒಂದೇ. ಸುಮಾರು ಆರು ವಾರ ಹಿಡಿಯುತ್ತದೆ. ಮೊದಲ ಮೂರು ಹಂತಗಳನ್ನು ಹಿಂದುಮುಂದು ಮಾಡಬೇಡಿ. ಉಳಿದವನ್ನು ನಿಮ್ಮ ವಾರ್ಡಿಗೆ ತಕ್ಕಂತೆ ಸರಿಸಿಕೊಳ್ಳಬಹುದು.

## ಮೊದಲು ಜೋಡಿಸಿಕೊಳ್ಳಬೇಕಾದುದು

ಒಬ್ಬ ಬೋಧಕರಿಗೆ ಹತ್ತು ವಿದ್ಯಾರ್ಥಿಗಳು. ಅದಕ್ಕಿಂತ ಹೆಚ್ಚಾದರೆ ನೀವು ಹಾಜರಿ ಕರೆಯಬಹುದು, ಕಲಿಸಲಾರಿರಿ. ಸ್ಕಿಲ್ ಲ್ಯಾಬಿನಲ್ಲಿ ಗೊಂಬೆಯ ಜೊತೆಗೆ ಮನುಷ್ಯರು ಮಲಗಬಹುದಾದ ಎರಡು ಮಂಚ, ಬೆಡ್‌ಪ್ಯಾನ್, ಬೇಸಿನ್, ಮ್ಯಾಕಿಂತೋಷ್ (ಹಾಸಿಗೆ ಒದ್ದೆಯಾಗದಂತೆ ಹಾಸುವ ರಬ್ಬರ್ ಹಾಳೆ), ಹೊದಿಕೆ, ಸ್ಟೀಲ್ ಬಟ್ಟಲು, ಚಮಚ ಇರಲಿ. ಪ್ರತಿಯೊಬ್ಬರ ಜೇಬಿನಲ್ಲಿ ಒಂದು ಸಣ್ಣ ನೋಟ್‌ಬುಕ್ ಇರಬೇಕು. ವಾರ್ಡಿನಲ್ಲಿ ಮಡಚುವ ಸ್ಕ್ರೀನ್ ಎಷ್ಟಿವೆ ಎಂದು ನೀವೇ ಹೋಗಿ ಎಣಿಸಿ ಬನ್ನಿ. ಮೂವತ್ತು ಹಾಸಿಗೆಗೆ ಒಂದೇ ಸ್ಕ್ರೀನ್ ಇದ್ದು, ಅದರ ಚಕ್ರವೂ ತುಕ್ಕು ಹಿಡಿದಿದ್ದರೆ ನಿಮ್ಮ ‘ಖಾಸಗಿತನ’ದ ಪಾಠ ಅಲ್ಲಿಗೇ ಮುಗಿಯಿತು.

ಇನ್‌ಚಾರ್ಜ್ ಸಿಸ್ಟರ್ ಜೊತೆ ಮುಂಚಿತವಾಗಿ ಎರಡು ಮಾತು ಗಟ್ಟಿ ಮಾಡಿಕೊಳ್ಳಿ. ಒಂದು, ಮೊದಲ ಎರಡು ವಾರ ಒಬ್ಬ ವಿದ್ಯಾರ್ಥಿಗೆ ಇಬ್ಬರು ರೋಗಿಗಳಿಗಿಂತ ಹೆಚ್ಚು ವಹಿಸಬಾರದು. ಎರಡು, ಡ್ಯೂಟಿಯ ಕೊನೆಯ ಹದಿನೈದು ನಿಮಿಷ ವಿದ್ಯಾರ್ಥಿಗಳು ನಿಮ್ಮ ಬಳಿ ಇರಬೇಕು. ಸಿಬ್ಬಂದಿಯ ಕೊರತೆ ಇರುವ ವಾರ್ಡಿನಲ್ಲಿ ವಿದ್ಯಾರ್ಥಿಗಳನ್ನು ಪುಕ್ಕಟೆ ಕೈಗಳೆಂದು ನೋಡುವುದು ಸಹಜ. ಇಡೀ ವಾರ್ಡಿನ ಹಾಸಿಗೆ ಕೊಡವುವುದೇ ಬೆಳಗಿನ ಕೆಲಸವಾದರೆ ಮುಂದಿನ ಹಂತಗಳನ್ನು ಓದುವ ಅಗತ್ಯವೇ ಇಲ್ಲ.

## ಹಂತ 1: ವಿದ್ಯಾರ್ಥಿ ಮೊದಲು ರೋಗಿಯಾಗಲಿ

ಇದಕ್ಕೆ ಅರ್ಧ ದಿನ ಕೊಡಿ. ಮೊಬೈಲ್‌ಗಳನ್ನು ಒಂದು ಡಬ್ಬಿಗೆ ಹಾಕಿಸಿ, ಇಲ್ಲದಿದ್ದರೆ ಇದು ನಗೆಯಾಟವಾಗಿ ಫೋಟೋದಲ್ಲಿ ಕೊನೆಯಾಗುತ್ತದೆ. ಇಬ್ಬಿಬ್ಬರ ಜೋಡಿ ಮಾಡಿ. ಒಬ್ಬರು ಮಲಗಬೇಕು, ಇನ್ನೊಬ್ಬರು ಕುಚ್ಚಲಕ್ಕಿ ಗಂಜಿ ತಿನ್ನಿಸಬೇಕು. ಮೊದಲ ಸಲ ಮಾತಿಲ್ಲದೆ, ಅವಸರದಲ್ಲಿ, ನಿಂತುಕೊಂಡು. ಎರಡನೇ ಸಲ ಕುಳಿತು, ಉಪ್ಪು ಸಾಕೇ ಎಂದು ಕೇಳಿ, ಒಂದು ಚಮಚ ನುಂಗಿದ್ದು ಕಂಡ ಮೇಲೆ ಇನ್ನೊಂದು. ಗಂಟಲ ಮೇಲೆ ಗಂಜಿ ಇಳಿದು ಕಿವಿಯ ಹಿಂದೆ ಹೋಗುವಾಗ ಆಗುವ ಅವಮಾನ ಯಾವ ಪುಸ್ತಕದಲ್ಲೂ ಸಿಗುವುದಿಲ್ಲ. ಎರಡೂ ಸಲ ತಲೆಯ ಕಡೆ ಕನಿಷ್ಠ 45 ಡಿಗ್ರಿ ಎತ್ತಿರಲಿ. ಚಪ್ಪಟೆ ಮಲಗಿದವರಿಗೆ ತಿನ್ನಿಸಿದರೆ ಗಂಜಿ ಶ್ವಾಸನಾಳಕ್ಕೆ ಹೋದೀತು. ಅವಮಾನದ ಪಾಠ ಹೇಳಲು ಹೋಗಿ ಅಪಾಯ ಮಾಡಬೇಡಿ.

ಆಮೇಲೆ ಬಟ್ಟೆಯ ಮೇಲೆಯೇ ಬೆಡ್‌ಪ್ಯಾನ್ ಇಟ್ಟು, ಪರದೆ ಎಳೆಯದೆ, ಐದು ನಿಮಿಷ ಹಾಗೆಯೇ ಬಿಡಿ. ಬಳಿಕ ಟ್ರಾಲಿಯಲ್ಲಿ ಮಲಗಿಸಿ ಕಾರಿಡಾರಿನಲ್ಲಿ ತಳ್ಳಿಕೊಂಡು ಹೋಗಿ. ತಳ್ಳುವ ಇಬ್ಬರೂ ಮಲಗಿದವರಿಗೆ ಗೊತ್ತಿಲ್ಲದ ಭಾಷೆಯಲ್ಲಿ ಮಾತನಾಡುತ್ತಾ ನಗುತ್ತಿರಲಿ. ನಮ್ಮಲ್ಲಿ ಇದಕ್ಕೆ ಕಷ್ಟಪಡಬೇಕಾಗಿಲ್ಲ: ಸುಳ್ಯದ ಹುಡುಗ ಮಲಗಿದರೆ ಕಣ್ಣೂರಿನ ಹುಡುಗಿಯರು ತಳ್ಳುತ್ತಾರೆ.

ಎದ್ದ ಕೂಡಲೇ ನೋಟ್‌ಬುಕ್ಕಿನಲ್ಲಿ ಐದು ಸಾಲು ಬರೆಸಿ. ಚರ್ಚೆ ಆಮೇಲೆ. ಮೊದಲು ಚರ್ಚೆಗೆ ಕುಳಿತರೆ ತರಗತಿಯ ಜಾಣೆ ಹೇಳಿದ್ದನ್ನೇ ಎಲ್ಲರೂ ಬರೆಯುತ್ತಾರೆ.

ಒಂದು ಎಚ್ಚರಿಕೆ. ಮಲಗಲು ಇಷ್ಟವಿಲ್ಲದವರನ್ನು ಒತ್ತಾಯಿಸಬೇಡಿ, ಕಾರಣವನ್ನೂ ಕೇಳಬೇಡಿ. ಯಾರ ಮೈಗೆ ಯಾವ ಹಳೆಯ ನೆನಪಿದೆಯೋ ನಿಮಗೆ ತಿಳಿಯದು. ಒಪ್ಪಿಗೆ ಎಂದರೇನು ಎಂಬುದನ್ನು ಅವರು ನಿಮ್ಮಿಂದ ಮೊದಲು ಕಲಿಯುವುದು ಇಲ್ಲೇ.

## ಹಂತ 2: ಕೈ ಪಳಗಲಿ, ಆಮೇಲೆ ಮುಖ

ಹೆಚ್ಚಿನ ಬೋಧಕರು ನನ್ನೊಡನೆ ಜಗಳವಾಡುವುದು ಈ ಹಂತದಲ್ಲಿ. ‘ಮೊದಲು ಮನಸ್ಸು, ಆಮೇಲೆ ಕೌಶಲ’ ಎಂಬುದು ಅವರ ವಾದ. ವಾರ್ಡಿನಲ್ಲಿ ನಾನು ಕಂಡದ್ದು ಬೇರೆ. ಬಿ.ಪಿ. ಪಟ್ಟಿ ಎಲ್ಲಿ ಕಟ್ಟಬೇಕು, ಸ್ಟೆತಾಸ್ಕೋಪಿನ ಯಾವ ಕಡೆ ಕೇಳಬೇಕು ಎಂದು ತಡಕಾಡುವ ಹುಡುಗಿಗೆ ರೋಗಿಯ ಮುಖ ನೋಡಲು ಪುರುಸೊತ್ತೇ ಇರುವುದಿಲ್ಲ. ಅವಳ ಕಣ್ಣೆಲ್ಲ ಮಾಪಕದ ಮೇಲೆ. ರೋಗಿ ‘ಕೈ ನೋಯುತ್ತಿದೆ’ ಎಂದರೂ ಅವಳಿಗೆ ಕೇಳಿಸುವುದಿಲ್ಲ. ಅವಳು ಕಠೋರಳಲ್ಲ, ಗಾಬರಿಯಾಗಿದ್ದಾಳೆ ಅಷ್ಟೇ; ರೋಗಿಗೆ ಮಾತ್ರ ಎರಡೂ ಒಂದೇ ರೀತಿ ಕಾಣುತ್ತವೆ.

ಆದ್ದರಿಂದ ಬಿ.ಪಿ., ನಾಡಿ, ಜ್ವರ ನೋಡುವುದು, ಹಾಸಿಗೆಯಲ್ಲಿ ಮಗ್ಗುಲು ಬದಲಿಸುವುದು, ಮೈ ಒರೆಸುವುದು, ಬೆಡ್‌ಪ್ಯಾನ್ ಕೊಡುವುದು ಇವಿಷ್ಟನ್ನೂ ತಡಕಾಡದೆ, ರೋಗಿಯನ್ನು ಗಮನಿಸುತ್ತಾ ಮಾಡಲು ಬರುವವರೆಗೆ ಲ್ಯಾಬಿನಿಂದ ಹೊರಗೆ ಬಿಡಬೇಡಿ. ಪರೀಕ್ಷೆ ಸುಲಭ: ಬಿ.ಪಿ. ನೋಡುವ ಮೊದಲು ಮತ್ತು ನಂತರ ಅವಳು ಮಲಗಿದವರ ಊರು, ಮನೆಯಲ್ಲಿರುವವರು, ರಾತ್ರಿಯ ನಿದ್ದೆ ಇವುಗಳ ಬಗ್ಗೆ ಕೇಳಬೇಕು. ಮುಗಿದ ಮೇಲೆ ಉತ್ತರಗಳನ್ನೂ ರೀಡಿಂಗನ್ನೂ ಒಟ್ಟಿಗೆ ಹೇಳಬೇಕು. ಎರಡರಲ್ಲಿ ಒಂದು ತಪ್ಪಿದರೆ ಇನ್ನೂ ಎರಡು ದಿನ ಲ್ಯಾಬ್.

ಚುಚ್ಚುವ ಕೆಲಸಕ್ಕೆ ಈಗಲೇ ನಿಯಮ ಹಾಕಿ: ಎರಡು ಸಲ ಸೂಜಿ ತಪ್ಪಿದರೆ ಮೂರನೆಯದು ನಿನ್ನದಲ್ಲ, ಹಿರಿಯರನ್ನು ಕರೆ. ರೋಗಿಯ ಕೈ ಅಭ್ಯಾಸದ ಹಲಗೆಯಲ್ಲ.

## ಹಂತ 3: ಭಾಷೆಯ ಗಂಟು ಬಿಡಿಸಿ

ಮಂಗಳೂರಿನ ಒಂದು ಜನರಲ್ ವಾರ್ಡಿನಲ್ಲಿ ಒಂದೇ ಸಾಲಿನಲ್ಲಿ ತುಳು, ಕೊಂಕಣಿ, ಬ್ಯಾರಿ, ಕನ್ನಡ, ಮಲಯಾಳಂ ಕೇಳಿಸುತ್ತವೆ. ಮೀನುಗಾರಿಕೆಯ ದೋಣಿಗಳಿಂದಲೋ ಕಟ್ಟಡದ ಕೆಲಸದಿಂದಲೋ ಬಂದವರಿದ್ದರೆ ಹಿಂದಿ, ಒಡಿಯಾ ಕೂಡ. ವಿದ್ಯಾರ್ಥಿಗಳು ಅರ್ಧದಷ್ಟು ಹೊರಗಿನವರು. ಇಲ್ಲಿ ಭಾಷೆ ಬಾರದಿರುವುದು ಬರೀ ಸೌಜನ್ಯದ ಕೊರತೆಯಲ್ಲ, ಜೀವಕ್ಕೇ ಸಂಬಂಧಿಸಿದ್ದು.

ನನ್ನದೇ ಕಥೆ ಹೇಳುತ್ತೇನೆ. ಘಟ್ಟದ ಮೇಲಿನಿಂದ ಕಲಿಯಲು ಬಂದ ಮೊದಲ ವರ್ಷ, ಒಬ್ಬ ಹೆಂಗಸನ್ನು ಕರೆತಂದ ಅತ್ತೆ ‘ಬಂಜಿನಾಲ್’ ಎಂದಳು. ನನಗೆ ಗೊತ್ತಿದ್ದ ಕನ್ನಡದಲ್ಲಿ ಬಂಜೆ ಎಂದರೆ ಮಕ್ಕಳಾಗದವಳು. ಪಾಪ ಎಂದುಕೊಂಡು ಹಾಗೆಯೇ ಬರೆದೆ. ತುಳುವಿನಲ್ಲಿ ಬಂಜಿ ಎಂದರೆ ಹೊಟ್ಟೆ, ಬಂಜಿನಾಲ್ ಎಂದರೆ ಬಸುರಿ. ಎಕ್ಸ್‌ರೇಗೆ ಕಳುಹಿಸುವ ಮುಂಚೆ ಹಿರಿಯ ಸಿಸ್ಟರ್ ಒಬ್ಬರ ಕಣ್ಣಿಗೆ ಅದು ಬಿತ್ತು. ಅವರು ನನ್ನನ್ನು ಬೈಯಲಿಲ್ಲ. ಆ ಅತ್ತೆಯ ಎದುರಿಗೇ ಕೂರಿಸಿ ಇಪ್ಪತ್ತು ತುಳು ಪದ ಬರೆಸಿದರು.

ಆ ಇಪ್ಪತ್ತು ಪದಗಳ ಪಟ್ಟಿಯೇ ಇಂದಿಗೂ ನನ್ನ ಮೂರನೇ ಹಂತ. ಮೈಯ ಭಾಗಗಳಿಂದ ಶುರು ಮಾಡಿ: ತರೆ ಎಂದರೆ ತಲೆ, ತಿಗಲೆ ಎಂದರೆ ಎದೆ, ಬಂಜಿ ಹೊಟ್ಟೆ, ಕಾರ್ ಕಾಲು. ‘ತಿಗಲೆ ಬೇನೆ’ ಎಂದು ಅಜ್ಜ ಹೇಳಿದಾಗ ವಿದ್ಯಾರ್ಥಿನಿ ನಗುತ್ತಾ ತಲೆಯಾಡಿಸಿ ಮುಂದಿನ ಹಾಸಿಗೆಗೆ ಹೋದರೆ ಏನಾದೀತು ಎಂದು ಊಹಿಸಿಕೊಳ್ಳಿ. ಅನಂತರ ನಾಲ್ಕು ಪ್ರಶ್ನೆಗಳು: ಎಂಚ ಉಲ್ಲರ್ (ಹೇಗಿದ್ದೀರಿ), ಓಲು ಬೇನೆ (ಎಲ್ಲಿ ನೋವು), ನೀರ್ ಬೋಡಾ (ನೀರು ಬೇಕೇ), ವಣಸ್ ಆಂಡಾ (ಊಟ ಆಯಿತೇ). ಒಂದು ಸಮಾಧಾನ: ಪೋಡಿಯೊಡ್ಚಿ, ಹೆದರಬೇಡಿ. ಹಿರಿಯರಿಗೆ ‘ಈ’ ಅಲ್ಲ, ‘ಈರ್’ ಎಂಬುದನ್ನು ಮೊದಲ ದಿನವೇ ಹೇಳಿ. ಹಾಸ್ಟೆಲಿನ ಗೆಳತಿಯರಿಂದ ಕಲಿತ ಏಕವಚನ ವಾರ್ಡಿಗೆ ಬಂದರೆ ಎಪ್ಪತ್ತರ ಅಜ್ಜಿಯ ಮುಖ ಸಪ್ಪಗಾಗುತ್ತದೆ. ಕನ್ನಡದಲ್ಲೂ ಅಷ್ಟೇ; ಎಚ್ಚರವಿಲ್ಲದ ರೋಗಿಗೂ ‘ನೀವು’.

ಕರೆಯುವುದು ಹೇಗೆ? ಅಣ್ಣ, ಅಕ್ಕ, ಅಜ್ಜ, ಅಮ್ಮ ಎಲ್ಲವೂ ನಮ್ಮಲ್ಲಿ ನಡೆಯುತ್ತವೆ, ಆದರೆ ಕೇಳಿ ಕರೆಯಬೇಕು. ಐವತ್ತೈದರ ಹೆಂಗಸನ್ನು ಅಜ್ಜಿ ಎಂದರೆ ಕೆಲವರು ನಗುತ್ತಾರೆ, ಕೆಲವರು ಮೂರು ದಿನ ಮಾತು ಬಿಡುತ್ತಾರೆ. ‘ನನ್ನ ಹೆಸರು ಇಂಥದ್ದು, ನಾನು ವಿದ್ಯಾರ್ಥಿನಿ. ನಿಮ್ಮನ್ನು ಏನೆಂದು ಕರೆಯಲಿ?’ ಈ ಮೂರು ವಾಕ್ಯಗಳನ್ನು ರೋಗಿಯ ಭಾಷೆಯಲ್ಲೇ ಬಾಯಿಗೆ ಬರಿಸಿ. ವಿದ್ಯಾರ್ಥಿನಿ ಎಂಬ ಮಾತನ್ನು ನುಂಗಲು ಬಿಡಬೇಡಿ. ಕಲಿಯುವವರ ಕೈಯಿಂದ ಬೇಡ ಎನ್ನುವ ಹಕ್ಕು ರೋಗಿಗಿದೆ. ‘ಬೇಡ’ ಎಂದಾಗ ಮುಖ ಬಾಡಿಸದೆ ಹಿಂದೆ ಸರಿಯುವುದನ್ನೂ ಅಭ್ಯಾಸ ಮಾಡಿಸಿ.

ಇಲ್ಲಿ ಆಗುವ ದೊಡ್ಡ ತಪ್ಪು ದುಭಾಷಿಯದ್ದು. ಮುಟ್ಟು, ಗರ್ಭಪಾತ, ಲೈಂಗಿಕ ಸೋಂಕು ಇಂಥವನ್ನು ಪಕ್ಕದ ಹಾಸಿಗೆಯವರ ಮೂಲಕವೋ ರೋಗಿಯ ಹತ್ತು ವರ್ಷದ ಮಗನ ಮೂಲಕವೋ ಕೇಳಿಸಬಾರದು. ಆ ಭಾಷೆ ಬಲ್ಲ ಸಿಬ್ಬಂದಿಯನ್ನೇ ಕರೆಯಿರಿ. ಮಲಯಾಳಂ ಬಲ್ಲ ವಿದ್ಯಾರ್ಥಿನಿಯರು ಬ್ಯಾರಿ ಮಾತನಾಡುವವರೊಡನೆ ಬೇಗ ಹೊಂದಿಕೊಳ್ಳುತ್ತಾರೆ. ಯಾರಿಗೆ ಯಾವ ರೋಗಿ ಎಂದು ಹಂಚುವಾಗ ಇದು ನೆನಪಿರಲಿ.

## ಹಂತ 4: ಒಬ್ಬ ರೋಗಿ, ಒಂದು ಸ್ನಾನ

ವಾರ್ಡಿನ ಮೊದಲ ದಿನ ಬೇರೆ ಯಾವ ಕೆಲಸವೂ ಬೇಡ. ಹಾಸಿಗೆ ಹಿಡಿದ ಒಬ್ಬರ ಮೈ ಒರೆಸುವುದು ಸಾಕು. ಒಪ್ಪಿಗೆ, ಖಾಸಗಿತನ, ಸ್ಪರ್ಶ, ಗಮನ ನಾಲ್ಕೂ ಈ ಒಂದು ಕೆಲಸದಲ್ಲಿವೆ. ಮೊದಲ ಸಲ ನೀವು ಮಾಡಿ, ಅವರು ನೋಡಲಿ. ಕುರ್ಚಿಯಲ್ಲಿ ಕುಳಿತು ಆದೇಶ ಕೊಡುವ ಬೋಧಕರ ಕೈಯಲ್ಲಿ ಈ ಹಂತ ಯಾವತ್ತೂ ಯಶಸ್ವಿಯಾಗಿಲ್ಲ.

ಕ್ರಮ ಹೀಗಿರಲಿ. ಮೊದಲು ಹೇಳಿ, ಕೇಳಿ: ಈಗಲೋ, ಚಹಾ ಆದ ಮೇಲೋ? ಮನೆಯವರು ಜೊತೆಗಿರಬೇಕೇ? ಮಾಡುವವರು ಹೆಂಗಸೇ ಆಗಬೇಕೇ? ಮೂತ್ರಕ್ಕೆ ಹೋಗಬೇಕೇ ಎಂದು ಕೇಳಿ ಬೆಡ್‌ಪ್ಯಾನ್ ಕೊಡಿ. ಇದನ್ನು ಮರೆತರೆ ಅರ್ಧದಲ್ಲಿ ನಿಲ್ಲಿಸಬೇಕಾಗುತ್ತದೆ. ಸ್ಕ್ರೀನ್ ಸುತ್ತಲೂ ಬರಲಿ. ಕಾಲಿನ ಕಡೆ ತೆರೆದಿಟ್ಟ ಸ್ಕ್ರೀನ್ ಬಾಗಿಲು ತೆರೆದ ಬಚ್ಚಲಿದ್ದಂತೆ. ಪುಸ್ತಕದಲ್ಲಿ ಫ್ಯಾನ್ ನಿಲ್ಲಿಸಿ ಎಂದಿದೆ. ಏಪ್ರಿಲ್ ತಿಂಗಳ ನಮ್ಮ ಸೆಖೆಯಲ್ಲಿ ಫ್ಯಾನ್ ನಿಲ್ಲಿಸುವ ಮೊದಲು ರೋಗಿಯನ್ನೇ ಕೇಳಿ.

ನೀರಿನ ಬಿಸಿಯನ್ನು ನಿಮ್ಮ ಮೊಣಕೈಯ ಒಳಭಾಗದಲ್ಲಿ ನೋಡಿ, ಆಮೇಲೆ ರೋಗಿಯ ಕೈ ಬೆರಳಿಗೆ ಮುಟ್ಟಿಸಿ ಸರಿಯೇ ಎಂದು ಕೇಳಿ. ಕಣ್ಣು ಸೋಪಿಲ್ಲದೆ, ಮೂಗಿನ ಕಡೆಯಿಂದ ಹೊರಕ್ಕೆ, ಒಂದೊಂದು ಕಣ್ಣಿಗೆ ಬಟ್ಟೆಯ ಬೇರೆ ಬೇರೆ ಮೂಲೆ. ಮುಖ, ಕುತ್ತಿಗೆ, ಕೈಗಳು, ಎದೆ, ಹೊಟ್ಟೆ, ಕಾಲು. ನೀರು ಬದಲಿಸಿ ಬೆನ್ನು. ಕೊನೆಗೆ ಗುಪ್ತಾಂಗ, ಸಾಧ್ಯವಿದ್ದವರಿಗೆ ಬಟ್ಟೆ ಕೈಗೆ ಕೊಟ್ಟು ಅವರೇ ಮಾಡಿಕೊಳ್ಳಲಿ. ತೊಳೆಯುವ ಭಾಗ ಮಾತ್ರ ತೆರೆದಿರಬೇಕು, ಉಳಿದದ್ದೆಲ್ಲ ಹೊದಿಕೆಯ ಒಳಗೆ.

ಬೆನ್ನು ತಿರುಗಿಸಿದಾಗ ನಿಲ್ಲಿ. ಸೊಂಟದ ಕೆಳಗಿನ ಮೂಳೆ, ಹಿಮ್ಮಡಿ, ಭುಜ ನೋಡಿ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿದಾಗ ಬಣ್ಣ ಬಿಳಿಚಿಕೊಳ್ಳದಿದ್ದರೆ ಅದು ಹಾಸಿಗೆ ಹುಣ್ಣಿನ ಮೊದಲ ಹೆಜ್ಜೆ. ಪುಸ್ತಕದ ಚಿತ್ರಗಳೆಲ್ಲ ಬಿಳಿ ಚರ್ಮದವು. ನಮ್ಮ ಕಪ್ಪು, ಕಂದು ಮೈಯಲ್ಲಿ ಕೆಂಪು ಕಾಣುವುದೇ ಇಲ್ಲ. ಸುತ್ತಲಿನ ಚರ್ಮಕ್ಕಿಂತ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದು ಅಂಗೈಯಿಂದ ಮುಟ್ಟಿ ನೋಡಲು ಕಲಿಸಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವ ಪಟ್ಟಿಯನ್ನು ಆ ವಿದ್ಯಾರ್ಥಿನಿಯೇ ಬರೆಯಲಿ.

ಶಸ್ತ್ರಚಿಕಿತ್ಸೆಗೆ ಸಿದ್ಧಗೊಳಿಸುವಾಗಲೂ ಇದೇ ತಾಳ್ಮೆ ಬೇಕು. ಕರಿಮಣಿ ತೆಗೆಯಲು ಒಪ್ಪದ ಹೆಂಗಸಿನ ಮುಂದೆ ‘ಬೇಗ ಬೇಗ, ಓ.ಟಿ.ಯಿಂದ ಕರೆಯುತ್ತಿದ್ದಾರೆ’ ಎನ್ನುವುದು ಸುಲಭ. ಶಸ್ತ್ರಚಿಕಿತ್ಸೆಯ ಯಂತ್ರದ ವಿದ್ಯುತ್ತಿನಿಂದ ಲೋಹದ ಬಳಿ ಸುಡುವ ಸಾಧ್ಯತೆ ಇದೆ ಎಂದು ಕಾರಣ ಹೇಳಿ, ಅವಳೇ ತೆಗೆದು ಗಂಡನ ಅಥವಾ ಅತ್ತೆಯ ಕೈಗೆ ಕೊಡಲಿ ಎಂದು ಎರಡು ನಿಮಿಷ ಕಾದರೆ ಬಹಳ ಸಲ ಆಗುತ್ತದೆ. ಆಗದಿದ್ದರೆ ನಿರ್ಧಾರ ಓ.ಟಿ. ಸಿಸ್ಟರ್ ಮತ್ತು ವೈದ್ಯರದ್ದು. ಕತ್ತರಿ ಮಾತ್ರ ವಿದ್ಯಾರ್ಥಿಯ ಕೈಗೆ ಬರಕೂಡದು.

ಎಚ್ಚರಿಕೆಯ ಸೂಚನೆಗಳು: ಸ್ಕ್ರೀನಿನ ಒಳಗೆ ಇಬ್ಬರು ವಿದ್ಯಾರ್ಥಿಗಳು ತಮ್ಮತಮ್ಮಲ್ಲೇ ಮಾತನಾಡುತ್ತಿದ್ದಾರೆ, ರೋಗಿ ಕಣ್ಣು ಮುಚ್ಚಿಕೊಂಡು ಮುಖ ಗೋಡೆಯ ಕಡೆ ತಿರುಗಿಸಿದ್ದಾರೆ, ಕೆಲಸ ಹತ್ತೇ ನಿಮಿಷದಲ್ಲಿ ಮುಗಿದಿದೆ.

## ಹಂತ 5: ‘ದಾಲ ಇಜ್ಜಿ’ ಎಂಬ ಉತ್ತರವನ್ನು ನಂಬಬೇಡಿ

ಕರಾವಳಿಯ ಹಿರಿಯರನ್ನು ನೋವಿದೆಯೇ ಎಂದು ಕೇಳಿ. ಮಂಚದ ಕಂಬಿಯನ್ನು ಬೆರಳು ಬೆಳ್ಳಗಾಗುವಷ್ಟು ಹಿಡಿದುಕೊಂಡೇ ‘ದಾಲ ಇಜ್ಜಿ’, ಏನೂ ಇಲ್ಲ, ಎನ್ನುತ್ತಾರೆ. ವಿದ್ಯಾರ್ಥಿ ಚಾರ್ಟಿನಲ್ಲಿ ಸೊನ್ನೆ ಬರೆಯುತ್ತಾನೆ.

ಸೊನ್ನೆಯಿಂದ ಹತ್ತರ ಮಾಪಕ ಓದಿದವರಿಗೆ ಸರಿ. ಹಿರಿಯರಿಗೆ ನಾನು ಆಣೆಯಲ್ಲಿ ಕೇಳಿಸುತ್ತೇನೆ: ತಡೆಯಲಾಗದ ನೋವು ಹದಿನಾರಾಣೆ ಎಂದಾದರೆ ಈಗ ನಾಲ್ಕಾಣೆಯೋ, ಎಂಟಾಣೆಯೋ? ಚಾರ್ಟಿಗೆ ಬೇಕಾದ ಅಂಕಿಯನ್ನು ಅದರಿಂದ ಲೆಕ್ಕ ಹಾಕಬಹುದು. ಮಾತು ಬಾರದ ಪುಟ್ಟ ಮಕ್ಕಳಿಗೆ ಫ್ಲಾಕ್ ಮಾಪಕ: ಮುಖ, ಕಾಲು, ಚಲನೆ, ಅಳು, ಸಮಾಧಾನಗೊಳ್ಳುವಿಕೆ, ಒಂದೊಂದಕ್ಕೆ 0ರಿಂದ 2.

ಕೇಳುವುದು ಅರ್ಧ ಕೆಲಸ. ಔಷಧಿ ಕೊಟ್ಟ ಮೇಲೆ ಮತ್ತೆ ಹೋಗಿ ಕೇಳಬೇಕು, ಇಂಜೆಕ್ಷನ್ ಆದರೆ ಸುಮಾರು ಅರ್ಧ ಗಂಟೆಗೆ, ಮಾತ್ರೆಯಾದರೆ ಒಂದು ಗಂಟೆಗೆ. ವಿದ್ಯಾರ್ಥಿಗಳು ಬಿಡುವುದು ಈ ಎರಡನೇ ಭೇಟಿಯನ್ನೇ. ಮರಳಿ ಬಂದು ‘ಈಗ ಹೇಗಿದೆ?’ ಎಂದು ಕೇಳಿದವರ ಮುಖ ರೋಗಿಗೆ ವರ್ಷಗಳ ಕಾಲ ನೆನಪಿರುತ್ತದೆ.

## ಹಂತ 6: ಬೈಸ್ಟ್ಯಾಂಡರ್ ಇಲ್ಲದವರಿಂದ ಡ್ಯೂಟಿ ಆರಂಭಿಸಿ

ರೆಡ್ ಕ್ರಾಸ್ 1965ರಲ್ಲಿ ಅಂಗೀಕರಿಸಿದ ಏಳು ಮೂಲತತ್ವಗಳಲ್ಲಿ ನಿಷ್ಪಕ್ಷಪಾತವೂ ಒಂದು: ನೆರವು ಅಗತ್ಯವನ್ನು ನೋಡಿ, ಹೆಚ್ಚು ತುರ್ತು ಇರುವವರಿಗೆ ಮೊದಲು. ಇದನ್ನು ಪರೀಕ್ಷೆಗೆ ಬರೆಯಿಸುವ ಬದಲು ವಾರ್ಡಿನಲ್ಲಿ ಒಂದು ಪ್ರಶ್ನೆ ಕೇಳಿ: ಇವತ್ತು ಇಲ್ಲಿ ಕೊನೆಗೆ ನೀರು ಸಿಕ್ಕಿದ್ದು ಯಾರಿಗೆ?

ಉತ್ತರ ಬಹುತೇಕ ಒಂದೇ. ನಮ್ಮ ಆಸ್ಪತ್ರೆಗಳಲ್ಲಿ ಗಂಜಿ ತರುವುದು, ಔಷಧಿ ಚೀಟಿ ಹಿಡಿದು ಓಡುವುದು, ಡ್ರಿಪ್ ಮುಗಿಯಿತೆಂದು ಕರೆಯುವುದು ಎಲ್ಲವೂ ಬೈಸ್ಟ್ಯಾಂಡರ್, ಅಂದರೆ ರೋಗಿಯ ಜೊತೆಗಿರುವವರ ಕೆಲಸ. ಮಳೆಗಾಲದಲ್ಲಿ ಮಲೇರಿಯಾ ಬಂದು ಒಬ್ಬನೇ ದಾಖಲಾದ ಹೊರರಾಜ್ಯದ ಕೂಲಿಗೆ ಯಾರೂ ಇಲ್ಲ. ಅವನ ಡ್ರಿಪ್ ಮುಗಿದು ನಳಿಕೆಯಲ್ಲಿ ರಕ್ತ ಹಿಂದಕ್ಕೆ ಬಂದಿರುತ್ತದೆ. ಆದ್ದರಿಂದ ನಿಯಮ: ಡ್ಯೂಟಿಗೆ ಬಂದ ಕೂಡಲೇ ಜೊತೆಗಾರರಿಲ್ಲದವರ ಪಟ್ಟಿ ಮಾಡಿ, ಸುತ್ತು ಅಲ್ಲಿಂದಲೇ ಶುರು.

ಪೊಲೀಸ್ ಕಾವಲಿನಲ್ಲಿರುವ ಕೈದಿ, ಕುಡಿದು ಗಾಡಿ ಓಡಿಸಿ ಬಿದ್ದವನು, ವಿಷ ಕುಡಿದು ಬಂದ ಹುಡುಗಿ ಇವರ ಬಳಿ ವಿದ್ಯಾರ್ಥಿಗಳ ಧ್ವನಿ ಬದಲಾಗುವುದನ್ನು ಕೇಳಿಸಿಕೊಳ್ಳಿ. ಆ ಸ್ಥಳದಲ್ಲಿ ಏನೂ ಹೇಳಬೇಡಿ, ಸಂಜೆಯ ಮಾತಿಗೆ ಇಟ್ಟುಕೊಳ್ಳಿ. ‘ಏನು ಮಾಡಿ ಬಂದದ್ದು?’ ಎಂಬ ಪ್ರಶ್ನೆ ಕೇಸ್ ಶೀಟಿಗೆ ಬೇಕಿಲ್ಲದಿದ್ದರೆ ಕೇಳಲೇ ಬಾರದು.

ಗ್ಲೌಸ್ ವಿಷಯದಲ್ಲಿ ಮಾತ್ರ ತಕ್ಷಣ ತಿದ್ದಿ. ಎಚ್‌ಐವಿ ಇರುವವರ ನಾಡಿ ಹಿಡಿಯಲು ಎರಡು ಗ್ಲೌಸ್ ಹಾಕಿಕೊಳ್ಳುವುದು ವಿಜ್ಞಾನವೂ ಅಲ್ಲ, ಮರ್ಯಾದೆಯೂ ಅಲ್ಲ. ರಕ್ತ, ದೇಹದ್ರವ ತಾಗುವ ಕೆಲಸಕ್ಕೆ ಎಲ್ಲ ರೋಗಿಗಳಿಗೂ ಒಂದೇ ಎಚ್ಚರ. ಕೈ ಹಿಡಿದು ಮಾತನಾಡಲು ಬರಿಗೈ ಸಾಕು. ಕುಷ್ಠರೋಗಕ್ಕೆ ಚಿಕಿತ್ಸೆ ಆರಂಭವಾದ ಬಳಿಕ ಸೋಂಕು ಹರಡುವುದು ಬೇಗನೆ ನಿಲ್ಲುತ್ತದೆ ಎಂಬುದನ್ನೂ ಹೇಳಿ, ನೀವೇ ಹೋಗಿ ಅವರ ಮಂಚದ ಪಕ್ಕ ಕುಳಿತು ತೋರಿಸಿ.

ಇದರ ಇನ್ನೊಂದು ತುದಿಯೂ ತಪ್ಪೇ. ಕನಿಕರ ಉಕ್ಕಿ ಸ್ವಂತ ಐನೂರು ರೂಪಾಯಿ ಕೊಡುವ, ಮೊಬೈಲ್ ನಂಬರ್ ಹಂಚುವ ವಿದ್ಯಾರ್ಥಿಗಳು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. ತಿಂಗಳೊಳಗೆ ರಾತ್ರಿ ಹನ್ನೊಂದಕ್ಕೆ ಫೋನ್ ಬರಲು ಶುರುವಾಗುತ್ತದೆ. ದುಡ್ಡಿಲ್ಲದವರನ್ನು ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದ ಕೌಂಟರಿನ ಆರೋಗ್ಯ ಮಿತ್ರರ ಬಳಿಗೆ ಜೊತೆಯಲ್ಲೇ ಕರೆದುಕೊಂಡು ಹೋಗುವುದು, ಯಾವ ಕಾರ್ಡು ಬೇಕೆಂದು ಚೀಟಿಯಲ್ಲಿ ಬರೆದುಕೊಡುವುದು ಆ ಐನೂರಕ್ಕಿಂತ ದೂರ ಹೋಗುತ್ತದೆ.

## ಹಂತ 7: ಬಸ್ಸಿನಲ್ಲಿ ಬಾಯಿ ಮುಚ್ಚಿಕೊಳ್ಳುವುದು

ಚಿಕ್ಕ ಹಂತ, ಆದರೆ ಬಿಡುವಂತಿಲ್ಲ. ಡ್ಯೂಟಿ ಮುಗಿಸಿ ಸ್ಟೇಟ್ ಬ್ಯಾಂಕ್ ನಿಲ್ದಾಣದ ಕಡೆಯ ಬಸ್ಸು ಹತ್ತಿದ ವಿದ್ಯಾರ್ಥಿಗಳು ಆ ದಿನದ ಕೇಸುಗಳನ್ನೆಲ್ಲ ಜೋರಾಗಿ ಹೇಳಿಕೊಳ್ಳುತ್ತಾರೆ. ಊರು ಅಷ್ಟೇನೂ ದೊಡ್ಡದಲ್ಲ. ಕಂಡಕ್ಟರ್ ಆ ರೋಗಿಯ ಸೋದರಳಿಯನೇ ಇದ್ದಾನು. ಎಚ್‌ಐವಿ ಕುರಿತ 2017ರ ಕಾಯ್ದೆಯ ಪ್ರಕಾರ ಒಪ್ಪಿಗೆ ಇಲ್ಲದೆ ಒಬ್ಬರ ಸ್ಥಿತಿಯನ್ನು ಬಯಲು ಮಾಡುವುದು ಕಾನೂನುಬಾಹಿರ ಎಂದು ತಿಳಿಸಿ. ಮಂಚಕ್ಕೆ ರೋಗದ ಹೆಸರು ಬರೆದು ತೂಗು ಹಾಕಿದ್ದು ಕಂಡರೆ ತೆಗೆಸಿ. ವಾರ್ಡಿನಲ್ಲಿ ಸೆಲ್ಫಿ, ರೀಲ್ಸ್ ಯಾವುದೂ ಇಲ್ಲ, ರೋಗಿ ‘ಪರವಾಗಿಲ್ಲ’ ಎಂದರೂ ಇಲ್ಲ.

## ಹಂತ 8: ಮನೆಯಲ್ಲಿ ತಾಯಿಯೇ ಬೋಧಕಿ

ಸಮುದಾಯ ಪೋಸ್ಟಿಂಗ್ ಬಂದಾಗ ನಾಲ್ಕು ಪುಟದ ಸರ್ವೆ ಫಾರಂ ಹಿಡಿಸಿ ಕಳುಹಿಸುವುದು ರೂಢಿ. ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ಪಟ್ರಮೆ ಕಡೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಊರುಗಳಿವೆ. ಆ ಕೀಟನಾಶಕಕ್ಕೆ ಸುಪ್ರೀಂ ಕೋರ್ಟ್ ತಡೆ ಬಿದ್ದದ್ದು 2011ರಲ್ಲಿ. ಅಲ್ಲಿಯ ಕೆಲವು ಮನೆಗಳಲ್ಲಿ ಇಪ್ಪತ್ತು, ಇಪ್ಪತ್ತೈದು ವರ್ಷದ ಮಗನನ್ನೋ ಮಗಳನ್ನೋ ಇಂದಿಗೂ ತಾಯಿ ಎತ್ತಿ ಮಲಗಿಸಿ ಉಣ್ಣಿಸುತ್ತಾಳೆ. ಅವಳ ಬಾಗಿಲಿಗೆ ಎಷ್ಟೋ ಫಾರಂಗಳು ಬಂದು ಹೋಗಿವೆ.

ಫಾರಂ ಚೀಲದಲ್ಲೇ ಇರಲಿ. ‘ಅಮ್ಮ, ಇವರಿಗೆ ಊಟ ಮಾಡಿಸುವುದು ಹೇಗೆಂದು ನಮಗೆ ತೋರಿಸುತ್ತೀರಾ?’ ಎಂದು ಕೇಳಿಸಿ. ಬಿಗಿದ ದವಡೆಯನ್ನು ಬೆರಳಿನಿಂದ ಹೇಗೆ ಸಡಿಲಿಸುತ್ತಾಳೆ, ಎಷ್ಟು ಹೊತ್ತು ಕಾಯುತ್ತಾಳೆ, ಯಾವ ಶಬ್ದಕ್ಕೆ ಏನರ್ಥ ಎಂದು ವಿದ್ಯಾರ್ಥಿಗಳು ಬರೆದುಕೊಳ್ಳಲಿ. ಮಗ್ಗುಲು ಬದಲಿಸುವಾಗ ಅವಳ ಸೊಂಟಕ್ಕೆ ಪೆಟ್ಟಾಗದ ವಿಧಾನವನ್ನು ಪ್ರತಿಯಾಗಿ ಕಲಿಸಿ ಬನ್ನಿ. ಮುಂದಿನ ವಾರ ಬರುತ್ತೇವೆ ಎಂದರೆ ಬರಲೇಬೇಕು. ಬರಲಾಗದಿದ್ದರೆ ಆ ಮಾತು ಆಡಬೇಡಿ.

## ಹಂತ 9: ಮೊದಲ ಸಾವು

ವಿದ್ಯಾರ್ಥಿ ಕಾಣುವ ಮೊದಲ ಸಾವಿನಲ್ಲಿ ನೀವು ಪಕ್ಕದಲ್ಲಿರಬೇಕು. ಈ ಒಂದು ಹಂತಕ್ಕೆ ಬದಲಿ ವ್ಯವಸ್ಥೆ ಇಲ್ಲ.

ಕೊನೆಯ ಗಂಟೆಗಳಲ್ಲಿ ಮಾಡುವ ಕೆಲಸಗಳಿವೆ ಎಂದು ತೋರಿಸಿ: ತುಟಿ ಒದ್ದೆ ಮಾಡುವುದು, ದಿಂಬು ಸರಿಪಡಿಸುವುದು, ಹೆಸರು ಹಿಡಿದು ಮಾತನಾಡಿಸುವುದು, ಮನೆಯವರಿಗೆ ಕುರ್ಚಿ ಕೊಡುವುದು. ಗಂಗಾಜಲವೋ ತುಳಸಿಯೋ, ಪಾದ್ರಿಯವರೋ, ಪಶ್ಚಿಮದ ಕಡೆ ಮುಖ ತಿರುಗಿಸಬೇಕೋ ಎಂದು ಮನೆಯವರನ್ನೇ ಕೇಳಿ; ಹೆಸರು ನೋಡಿ ಊಹಿಸಬೇಡಿ. ‘ಎಲ್ಲ ಸರಿಹೋಗುತ್ತದೆ’ ಎಂಬ ಮಾತನ್ನು ನಿಷೇಧಿಸಿ. ಸಾವಿನ ಸುದ್ದಿ ಹೇಳುವುದು ವೈದ್ಯರ ಕೆಲಸ. ವೈದ್ಯರು ಹೇಳಿ ಹೊರಟ ಮೇಲೆ ಉಳಿಯುವ ಮೌನದಲ್ಲಿ ನಿಂತಿರುವುದು ನಮ್ಮದು.

ಪ್ರಾಣ ಹೋದ ಮೇಲೂ ‘ಬಾಡಿ’ ಎನ್ನಬೇಡಿ, ಹೆಸರನ್ನೇ ಬಳಸಿ. ಕಣ್ಣು ಮುಚ್ಚಿ, ಗದ್ದ ಆಸರೆಗೊಳಿಸಿ, ಮುಖ ಒರೆಸಿ, ತಲೆ ಬಾಚಿ. ಆಭರಣಗಳನ್ನು ಇಬ್ಬರು ಸಾಕ್ಷಿಗಳ ಮುಂದೆ ಪಟ್ಟಿ ಮಾಡಿ ಕೊಡಿ. ಇಲ್ಲೊಂದು ಕಟ್ಟುನಿಟ್ಟು: ಅಪಘಾತ, ವಿಷ, ಹಲ್ಲೆಯಂಥ ಮೆಡಿಕೋ-ಲೀಗಲ್ ಪ್ರಕರಣದಲ್ಲಿ ನಳಿಕೆ, ಕ್ಯಾಥೆಟರ್, ಬಟ್ಟೆ ಯಾವುದನ್ನೂ ವೈದ್ಯರ ಸೂಚನೆಯಿಲ್ಲದೆ ತೆಗೆಯಬಾರದು, ತೊಳೆಯಲೂಬಾರದು. ಪ್ರೀತಿಯಿಂದ ಶುಚಿ ಮಾಡಿ ಸಾಕ್ಷ್ಯ ಅಳಿಸಿದ ವಿದ್ಯಾರ್ಥಿಯನ್ನು ನಾನು ನೋಡಿದ್ದೇನೆ.

ಅಕ್ಕಪಕ್ಕದ ಹಾಸಿಗೆಯವರು ಎಲ್ಲವನ್ನೂ ಕಂಡಿರುತ್ತಾರೆ. ಅವರ ಬಳಿಗೂ ಒಬ್ಬರು ಹೋಗಿ ಕುಳಿತುಕೊಳ್ಳಲಿ.

ವಿದ್ಯಾರ್ಥಿ ಅತ್ತರೆ ಅಳಲಿ. ಚಿಂತಿಸಬೇಕಾದುದು ಅದೇ ಸಂಜೆ ಜೋಕು ಹೇಳುತ್ತಾ ಅಡ್ಡಾಡುವವಳ ಬಗ್ಗೆ, ಮರುದಿನದಿಂದ ಆ ಮಂಚದ ಕಡೆ ಹೋಗದವಳ ಬಗ್ಗೆ, ರಾತ್ರಿ ನಿದ್ದೆಯಿಲ್ಲ ಎಂದು ವಾರಗಟ್ಟಲೆ ಹೇಳುವವಳ ಬಗ್ಗೆ. ಮೂರನೆಯವಳನ್ನು ಆಪ್ತಸಮಾಲೋಚಕರ ಬಳಿಗೆ ನೀವೇ ಕರೆದೊಯ್ಯಿರಿ.

## ಹಂತ 10: ಕೊನೆಯ ಹದಿನೈದು ನಿಮಿಷ, ಮತ್ತು ಅಂಕ

ಪ್ರತಿ ದಿನ ಡ್ಯೂಟಿ ಮುಗಿದಾಗ ಮೂರು ಪ್ರಶ್ನೆ. ಇವತ್ತು ಯಾರ ಮುಖ ನೆನಪಿದೆ? ಎಲ್ಲಿ ಅವಸರ ಮಾಡಿದೆ? ನಾಳೆ ಯಾರ ಬಳಿಗೆ ಮರಳಿ ಹೋಗಬೇಕು? ಪುಸ್ತಕಗಳಲ್ಲಿ ಆರು ಮೆಟ್ಟಿಲಿನ ಆತ್ಮಾವಲೋಕನ ಚಕ್ರವಿದೆ. ತಿಂಗಳಿಗೊಮ್ಮೆ ಬರೆಯಲು ಅದು ಸರಿ, ದಣಿದ ಕಾಲುಗಳಿಗೆ ಮೂರೇ ಸಾಕು. ಮೊದಲು ನಿಮ್ಮ ಅವಸರವನ್ನು ನೀವು ಹೇಳಿ. ರೋಗಿಯ ಎದುರು ವಿದ್ಯಾರ್ಥಿಯನ್ನು ಬೈದಿದ್ದರೆ ಅದನ್ನೂ ಹೇಳಿ. ಎಲ್ಲರ ಮುಂದೆ ಬೈಸಿಕೊಂಡ ಹುಡುಗಿ ಅರ್ಧ ಗಂಟೆಯೊಳಗೆ ಯಾವುದೋ ಬೈಸ್ಟ್ಯಾಂಡರ್ ಮೇಲೆ ರೇಗುತ್ತಾಳೆ, ಬೇಕಿದ್ದರೆ ಗಮನಿಸಿ ನೋಡಿ.

ಮುಂದಿನ ಪಾಳಿಗೆ ಒಪ್ಪಿಸುವ ಹ್ಯಾಂಡೋವರಿನಲ್ಲಿ ಬಿ.ಪಿ., ಔಷಧಿಗಳ ಜೊತೆಗೆ ಒಂದು ವಾಕ್ಯ ರೋಗಿಯ ಬಗ್ಗೆ ಕಡ್ಡಾಯ ಮಾಡಿ: ‘ಅಜ್ಜನಿಗೆ ಎಡಕಿವಿ ಕೇಳಿಸುವುದಿಲ್ಲ, ಬಲಗಡೆ ನಿಂತು ಮಾತನಾಡಿ.’ ‘ಇವರ ಮಗಳ ಪರೀಕ್ಷೆ ಇವತ್ತು, ಸಂಜೆ ಫೋನ್ ಮಾಡಬೇಕಂತೆ.’ ರಾತ್ರಿಯ ಸಿಸ್ಟರ್ ಆ ವಾಕ್ಯವನ್ನು ಕೇಳಿಸಿಕೊಳ್ಳುತ್ತಾರೋ ಇಲ್ಲವೋ, ಬೆಳಗಿನ ವಿದ್ಯಾರ್ಥಿ ಅದನ್ನು ತಿಳಿದುಕೊಂಡಿರಲೇಬೇಕಾಗುತ್ತದೆ.

ಅಂಕಕ್ಕೆ ‘ಸಹಾನುಭೂತಿ ಎಂದರೇನು’ ಎಂಬ ಐದು ಅಂಕದ ಪ್ರಶ್ನೆ ಬೇಡ. ಕಣ್ಣಿಗೆ ಕಾಣುವುದಕ್ಕೆ ಮಾತ್ರ ಅಂಕ ಕೊಡಿ: ಹೆಸರು ಹೇಳಿದಳೇ, ಸ್ಕ್ರೀನ್ ಪೂರ್ತಿ ಎಳೆದಳೇ, ಮುಟ್ಟುವ ಮೊದಲು ಹೇಳಿದಳೇ, ರೋಗಿ ಹೇಳಿದ್ದನ್ನು ಅವರ ಮಾತಿನಲ್ಲೇ ಮರಳಿ ಹೇಳಿದಳೇ, ಔಷಧಿಯ ನಂತರ ಮತ್ತೆ ಬಂದಳೇ. ಮೂರನೇ ದಿನ ನೀವೊಬ್ಬರೇ ಹೋಗಿ ರೋಗಿಯನ್ನು ಕೇಳಿ: ‘ನಿಮ್ಮನ್ನು ನೋಡಿಕೊಳ್ಳುವ ಹುಡುಗಿಯ ಹೆಸರೇನು?’ ಗೊತ್ತಿದ್ದರೆ ಆ ಸಾಲಿಗೆ ಪೂರ್ತಿ ಅಂಕ.

ಗೊತ್ತಿಲ್ಲದಿದ್ದರೆ ‘ಸೇವೆಗೆ ತಕ್ಕವಳಲ್ಲ’ ಎಂದು ಷರಾ ಬರೆಯುವ ಅವಸರ ಬೇಡ. ಕೈ ತಡಕಾಡುತ್ತಿದ್ದರೆ ಹಂತ 2ಕ್ಕೆ, ಭಾಷೆ ತೊಡಕಾಗಿದ್ದರೆ ಹಂತ 3ಕ್ಕೆ ಹಿಂದೆ ಕಳುಹಿಸಿ. ಎರಡೂ ಅಲ್ಲವಾದರೆ ಮೂರು ದಿನ ಒಬ್ಬರೇ ರೋಗಿಯನ್ನು ವಹಿಸಿ ನೀವು ಜೊತೆಗಿರಿ. ಹಿಂದೆ ಕಳುಹಿಸಿದ ದಿನಾಂಕ, ಕಾರಣ, ಮತ್ತೆ ನೋಡಿದ ದಿನಾಂಕ ಮೂರೂ ಲಾಗ್ ಬುಕ್ಕಿನಲ್ಲಿರಲಿ, ಕೆಳಗೆ ನಿಮ್ಮ ಸಹಿ ಮತ್ತು ಅವಳ ಸಹಿ.